ಫ್ರೆಂಡಿಗೆ ತುರಿಕೆ

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಒಂದು ಮೆಡಿಕಲ್ ಸ್ಟೋರಿನಲ್ಲಿ ನಾನು ಹದಿಮೂರು ವರ್ಷ ಕೌಂಟರಿನ ಹಿಂದೆ ನಿಂತಿದ್ದೆ. ಎಂಬತ್ತರ ದಶಕ ಪೂರ್ತಿ ಅಲ್ಲೇ ಕಳೆಯಿತು. ಜ್ವರ, ಕೆಮ್ಮು, ಭೇದಿ ಎಲ್ಲವನ್ನೂ ಜನ ಇಡೀ ಬೀದಿಗೆ ಕೇಳಿಸುವಂತೆ ಹೇಳುತ್ತಿದ್ದರು. ತೊಡೆಸಂದಿನ ತುರಿಕೆಯನ್ನು ಮಾತ್ರ ಯಾವ ಗಂಡಸೂ ನೆಟ್ಟಗೆ ಹೇಳಿದ್ದಿಲ್ಲ. ಮಳೆಗಾಲ ಬಂತೆಂದರೆ ಇಂಥ ಪ್ರಸಂಗ ವಾರಕ್ಕೆರಡು ಗ್ಯಾರಂಟಿ. ಬರುವವರಲ್ಲಿ ಊರು ಬಿಟ್ಟು ಬಂದ ಒಂಟಿ ಗಂಡಸರೇ ಹೆಚ್ಚು. ಹೇಳಿಕೊಳ್ಳಲು ರೂಮಿನಲ್ಲಿ ಯಾರೂ ಇಲ್ಲದವರು. ಮೈಸೂರಿನಿಂದ ಬಂದ ನನ್ನ ಕತೆಯೂ ಅದೇ ಆಗಿತ್ತು.

ಗಂಟಲು ನೋವು

ಒಬ್ಬ ಬ್ಯಾಂಕ್ ಆಫೀಸರ್, ಬೆಂಗಳೂರಿನ ಕಡೆಯವರು. ಇಸ್ತ್ರಿ ಮಾಡಿದ ಸಫಾರಿ ಸೂಟು. ಬಂದು ಗಂಟಲು ನೋವಿನ ಮಾತ್ರೆ ಕೇಳಿದರು. ಕೊಟ್ಟೆ. ಹೋಗಲಿಲ್ಲ. ಅಷ್ಟರಲ್ಲಿ ಇಬ್ಬರು ಹೆಂಗಸರು ಬಂದರು. ಆಫೀಸರು ಅಮೃತಾಂಜನದಂಥ ಯಾವುದಾದರೂ ಮುಲಾಮು ಕೇಳಿದರು. ಇನ್ನೊಬ್ಬಾಕೆ ಬಂದಳು. ಇವರು ಬ್ಯಾಂಡೇಜು ಕೇಳಿದರು. ಹೆಂಗಸರೆಲ್ಲ ಹೋಗುವಷ್ಟರಲ್ಲಿ ಇವರ ಮುಂದೆ ಒಂದು ಸಣ್ಣ ಆಸ್ಪತ್ರೆಯೇ ರಾಶಿ ಬಿದ್ದಿತ್ತು.

ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ನಮ್ಮ ಫ್ರೆಂಡ್ ಒಬ್ಬರಿಗೆ ತುರಿಕೆ ಕಣ್ರೀ," ಎಂದರು.

"ಎಲ್ಲಿ ಸಾರ್?"

"ಅಂಧೇರೀಲಿರ್ತಾರೆ."

"ಅದಲ್ಲ ಸಾರ್, ಮೈಯಲ್ಲಿ ಎಲ್ಲಿ?"

ಅವರು ನೆಲ ನೋಡಿದರು. ನನಗೆ ಅರ್ಥವಾಯಿತು. ಫಂಗಸ್ ಮುಲಾಮಿನ ಟ್ಯೂಬು ಕೊಟ್ಟು ಹೇಳಿದೆ: "ಸ್ನಾನ ಮಾಡಿ, ಚೆನ್ನಾಗಿ ಒರೆಸಿಕೊಂಡು, ದಿನಕ್ಕೆರಡು ಸಲ ಹಚ್ಚಿಕೊಳ್ಳೋಕೆ ಹೇಳಿ. ತುರಿಕೆ ನಿಂತ ಮೇಲೂ ಎರಡು ವಾರ ಬಿಡಬಾರದು."

"ಎರಡು ಸಲ ಹಚ್ಚಿದ್ರೆ ನನಗೆ ಉರಿ ಆಗಲ್ವೇ?"

"ನಿಮಗೆ ಯಾಕಾಗುತ್ತೆ ಸಾರ್?" ಎಂದೆ. "ಹಚ್ಚಿಕೊಳ್ಳೋರು ಅಂಧೇರೀಲಿದ್ದಾರಲ್ಲ."

ದೋಸೆ ಭಟ್ಟರು

ಎದುರಿನ ಉಡುಪಿ ಹೋಟೆಲಿನಲ್ಲಿ ದೋಸೆ ಹಾಕುವ ಭಟ್ಟರೊಬ್ಬರಿದ್ದರು. ಬೆಳಿಗ್ಗೆಯಿಂದ ಕಾವಲಿಯ ಎದುರು ನಿಲ್ಲುವ ಕೆಲಸ. ಸೊಂಟದಿಂದ ಕೆಳಗೆ ಸದಾ ಬೆವರು. ಅದರ ಮೇಲೆ ಬಿಗಿಯಾದ ನೈಲಾನ್ ಚಡ್ಡಿ. ಊರಿಗೆ ಹೋಗದೆ ಮೂರು ವರ್ಷವಾಗಿತ್ತು. ತುರಿಕೆ ಶುರುವಾಗಿ ಒಂದು ವರ್ಷ. ಯಾರಿಗೂ ಹೇಳಿರಲಿಲ್ಲ. ಫುಟ್‌ಪಾತಿನಲ್ಲಿ ಸಿಕ್ಕ ಯಾವುದೋ ಆಸಿಡ್ ಮುಲಾಮು ಹಚ್ಚಿಕೊಂಡು ಚರ್ಮ ಸುಟ್ಟುಕೊಂಡ ಮೇಲೆ ಕಾಲಗಲಿಸಿ ನಡೆಯುತ್ತಾ ಬಂದರು.

ಅವರನ್ನು ಡಾಕ್ಟರ ಹತ್ತಿರ ಕಳಿಸಿದೆ. ವಾಪಸು ಬಂದವರು ಸಿಟ್ಟಿನಲ್ಲಿದ್ದರು. "ಸಡಿಲ ಕಾಟನ್ ಚಡ್ಡಿ ಹಾಕಿ ಅಂದ್ರು. ಆಯ್ತು, ಹಾಕುವ. ಆದ್ರೆ ಆ ಜಾಗ ಯಾವಾಗ್ಲೂ ಒಣಗಿರ್ಬೇಕಂತೆ! ನೀವೇ ಹೇಳಿ ಮಾರಾಯ್ರೆ, ಆ ಕಾವಲಿ ಎದುರು ದೋಸೆ ಒಣಗ್ತದೆ, ನಾನು ಒಣಗುದುಂಟಾ?"

ಕೊನೆಗೆ ಪೌಡರ್ ಕೊಟ್ಟೆ. ಮಧ್ಯಾಹ್ನ ಬಟ್ಟೆ ಬದಲಿಸಿ ಹಾಕಿಕೊಳ್ಳಿ ಎಂದೆ. ಅವರು ಧಾರಾಳಿ. ಚಡ್ಡಿಯಿಂದ ಮೊಣಕಾಲಿನವರೆಗೂ ಬೆಳ್ಳಗಾಗಿ ನಿಂತಿದ್ದನ್ನು ನೋಡಿ ಹೋಟೆಲಿನ ಯಜಮಾನರು ಅಡುಗೆಮನೆಯಿಂದಲೇ ಕೂಗಿದರಂತೆ: "ಭಟ್ರೆ, ಅಕ್ಕಿ ಹಿಟ್ಟು ಹೀಗೆ ಹಾಳು ಮಾಡುದಾ?"

ಆರು ಜನ, ಒಂದು ಹಗ್ಗ

ಅದೇ ಬೀದಿಯ ಚಾಳಿನಲ್ಲಿ ಒಂದೇ ಖೋಲಿಯಲ್ಲಿ ಆರು ಜನ ಹುಡುಗರಿದ್ದರು. ಎಲ್ಲ ವೇಟರ್‌ಗಳು. ಒಬ್ಬನಿಗೆ ವಾಸಿಯಾದರೆ ಇನ್ನೊಬ್ಬನಿಗೆ ಶುರು. ವಿಚಾರಿಸಿದರೆ, ಆರು ಜನಕ್ಕೆ ಎರಡು ಟವೆಲ್, ಬಟ್ಟೆ ಒಣಹಾಕಲು ಒಂದು ಹಗ್ಗ. ಚಡ್ಡಿಗಳೂ ಡಜನ್ ಲೆಕ್ಕದಲ್ಲಿ ತಂದ ಒಂದೇ ಪಟ್ಟೆಯವು. ಯಾರ ಕೈಗೆ ಸಿಕ್ಕಿತೋ ಅವರದು.

"ಆರು ಜನಾನೂ ಒಟ್ಟಿಗೆ ಮುಲಾಮು ಹಚ್ಚಿ. ಟವೆಲ್ ಬೇರೆ ಬೇರೆ ಇರ್ಲಿ. ಬಿಸಿನೀರಲ್ಲಿ ಒಗೆದು, ಒಣಗದಿದ್ರೆ ಇಸ್ತ್ರಿ ಹಾಕಿ. ಚಡ್ಡಿ ಮೇಲೆ ನಿಮ್ಮ ನಿಮ್ಮ ಹೆಸರು ಬರೀರಿ," ಎಂದೆ.

ಮುಂದಿನ ತಿಂಗಳು ಅವರಲ್ಲೊಬ್ಬ ಮತ್ತೆ ಬಂದ. ಕೆರೆದುಕೊಳ್ಳುತ್ತಲೇ ಬಂದ.

"ಹೆಸರು ಬರೆದ್ರಾ?"

"ಬರೆದೆವು ಅಣ್ಣ."

"ಮತ್ತೆ?"

"ನಮ್ಮಲ್ಲಿ ನಾಲ್ಕು ಜನ ಸುರೇಶ."

ನನ್ನ ಸರದಿ

ಕೊನೆಗೆ ನನಗೇ ಬಂತು. ಕಾಂದಿವಲಿಯ ನನ್ನ ಖೋಲಿಯಲ್ಲಿ ಮಳೆ ಬಂದಾಗ ಹಗ್ಗದ ಮೇಲಿನ ಬಟ್ಟೆ ತೆಗೆಯುವವರು ಯಾರೂ ಇರಲಿಲ್ಲ. ಜುಲೈ ಪೂರ್ತಿ ಹಸಿ ಪ್ಯಾಂಟಿನಲ್ಲೇ ಕೆಲಸಕ್ಕೆ ಹೋಗಿದ್ದೆ. ಸ್ಟೆರಾಯ್ಡ್ ಮುಲಾಮು ತುರಿಕೆಯನ್ನು ಮುಚ್ಚಿಟ್ಟು ಫಂಗಸ್ಸನ್ನು ಬೆಳೆಸುತ್ತದೆ ಎಂದು ಗಿರಾಕಿಗಳಿಗೆಲ್ಲ ಭಾಷಣ ಮಾಡುತ್ತಿದ್ದ ನಾನು, ಅಂಗಡಿ ಯಜಮಾನರ ಕಣ್ಣು ತಪ್ಪಿಸಿ ಅದನ್ನೇ ಹಚ್ಚಿಕೊಂಡೆ. ಮೂರು ದಿನ ಸ್ವರ್ಗ. ನಾಲ್ಕನೆಯ ದಿನದಿಂದ ಅಂಗೈಯಷ್ಟಿದ್ದದ್ದು ತೊಡೆಯೆಲ್ಲ ಹಬ್ಬಿತು.

ಗುರುತಿನವರು ಸಿಗದಿರಲಿ ಎಂದು ಸಾಂತಾಕ್ರೂಜ್‌ನ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ವಯಸ್ಸಾದವರು, ಮಂಗಳೂರಿನ ಕಡೆಯವರು. ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಇದೆಯಾ ಎಂದು ವಿಚಾರಿಸಿ, ಆಮೇಲೆ ಕೇಳಿದರು:

"ಮದುವೆ ಆಗಿದೆಯಾ?"

"ಇಲ್ಲ."

"ಮನೆಯಲ್ಲಿ ಯಾರ್ಯಾರು ಇದ್ದಾರೆ?"

"ಯಾರೂ ಇಲ್ಲ."

"ಬಂದು ಹೋಗುವವರು?"

ಯೋಚಿಸಿದೆ. "ಹಾಲಿನವನು. ಅವನೂ ಬಾಗಿಲವರೆಗೆ ಮಾತ್ರ."

ಡಾಕ್ಟರು ಖುಷಿಯಿಂದ ಮೇಜು ತಟ್ಟಿದರು. "ಭಾರೀ ಒಳ್ಳೆದಾಯ್ತು! ನೀವು ಪುಣ್ಯವಂತರು ಮಾರಾಯ್ರೆ. ನಿಮ್ಮಿಂದ ಯಾರಿಗೂ ಹರಡುವ ಚಾನ್ಸೇ ಇಲ್ಲ."

ಸಂಜೆಯ ಬೊರಿವಲಿ ಲೋಕಲ್ ಹತ್ತಿದೆ. ಉಸಿರಾಡಲು ಜಾಗವಿಲ್ಲ. ಡಾಕ್ಟರ ಮಾತು ನೆನಪಾಗಿ ಇದ್ದಕ್ಕಿದ್ದಂತೆ ನಗು ಬಂತು. ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. ಮೈಗೆ ಮೈ ಅಂಟಿಸಿ ನಿಂತಿದ್ದ ಒಬ್ಬ ಅಪರಿಚಿತ ಕಾಳಜಿಯಿಂದ ಕೇಳಿದ, "ಕ್ಯಾ ಹುವಾ, ಭಾಯಿಸಾಬ್?"

ಏನಾಯಿತು ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತೋ! ಮನಸ್ಸು ತುಂಬಿ ಬಂತು. ಮುಚ್ಚಿಡದೆ ಎಲ್ಲ ಹೇಳಿದೆ. ಎಲ್ಲಿ ತುರಿಕೆ, ಎಷ್ಟು ಹಬ್ಬಿದೆ, ಹೇಗೆ ಹರಡುತ್ತದೆ, ಎಲ್ಲ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಆ ಲೋಕಲ್‌ನಲ್ಲಿ ಒಂದು ಹೆಜ್ಜೆ ಜಾಗ ಎಲ್ಲಿತ್ತೋ ದೇವರಿಗೇ ಗೊತ್ತು. ಅವನ ಹಿಂದಿನವನೂ ಸರಿದ. ಅಂಧೇರಿಯಲ್ಲಿ ಹತ್ತಿದವರ ಕಿವಿಗೂ ಯಾರೋ ಊದಿದರು. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದರು. ಮಲಾಡ್ ಬರುವ ಹೊತ್ತಿಗೆ ನಾಲ್ವರು ಒತ್ತಿಕೊಂಡು ಕೂರುವ ಸೀಟಿನಲ್ಲಿ, ಕಿಟಕಿಯ ಪಕ್ಕ, ನಾನೊಬ್ಬನೇ ಕಾಲು ಚಾಚಿ ಕೂತಿದ್ದೆ.

ಎಂಥ ಗಾಳಿ ಅಂತೀರಿ! ಕಾಂದಿವಲಿ ಬಂದರೂ ಇಳಿಯಲು ಮನಸ್ಸೇ ಬರಲಿಲ್ಲ.