ಸಿಂಗಳೀಕಕ್ಕೆ ಹೊತ್ತ ಬಾಳೆಹಣ್ಣಿನ ಹರಕೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ. ನಡೆದದ್ದು ಮಾತ್ರ ನನಗೇ. ನಾನು ಕರಾವಳಿಯಿಂದ ಬಂದು, ಸ್ನಾನ ಮುಗಿಸಿ, ಡೈರಿಗೆ ಹಾಲು ಹಾಕಲು ಹೋಗುವಷ್ಟರಲ್ಲಿ ನಮ್ಮ ಬೀಗರು ಫೋನಿನಲ್ಲಿ ಊರಿಗೆಲ್ಲ ಹಂಚಿ ಮುಗಿಸಿದ್ದರು. ವಯಸ್ಸಾದವರು ಸೇರಿ ಯಾತ್ರೆಗೆ ಹೊರಟರೆ ಇಂಥದ್ದು ಆಗುತ್ತಲೇ ಇರುತ್ತದೆ. ದೇವರಿಗೂ ಹೊತ್ತು ಹೋಗಬೇಕಲ್ಲ. ಆದರೆ ಕಾರ್ಯದರ್ಶಿ ಹೇಳಿದ್ದರಲ್ಲಿ ಒಂದು ದೊಡ್ಡ ತಪ್ಪಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹರಕೆ

ಶಿವಗಂಗೆ ಬೆಟ್ಟ ನಮ್ಮೂರಿಗೆ ಎದುರಿಗೇ ಇದೆ. ಹೋದ ಶ್ರಾವಣದಲ್ಲಿ ಮಂಡಿ ಹಿಡಿದುಕೊಂಡು, ಬೆಟ್ಟ ಹತ್ತಲಾಗದೆ ಬುಡದಲ್ಲೇ ಕೂತುಬಿಟ್ಟೆ. ನನ್ನ ಹೆಂಡತಿ ಅಲ್ಲೇ ಕೈ ಮುಗಿದಳು: "ಆಂಜನೇಯಾ, ಇವರ ಮಂಡಿ ವಾಸಿ ಮಾಡಪ್ಪಾ. ನಿನ್ನ ಬಳಗಕ್ಕೆ ನನ್ನ ಕೈಯಾರೆ ಬಾಳೆಹಣ್ಣು ತಿನ್ನಿಸ್ತೀನಿ. ಅಲ್ಲೀವರೆಗೂ ಇವರು ಗಡ್ಡ ತೆಗೆಯಲ್ಲ."

ಹರಕೆ ಅವಳದು, ಗಡ್ಡ ನನ್ನದು.

ಮಂಡಿಯೇನೋ ವಾಸಿಯಾಯಿತು. "ಇಲ್ಲೇ ಬೆಟ್ಟದ ಕೋತಿಗೆ ಕೊಟ್ಟು ಮುಗಿಸೇ" ಅಂದೆ.

"ಆ ಕಳ್ಳಮುಂಡೇವಕ್ಕಾ? ಅವು ಕಿತ್ಕೊಂಡು ಹೋಗ್ತವೆ. ಕಿತ್ಕೊಂಡಿದ್ದು ನೈವೇದ್ಯ ಹೆಂಗಾಯ್ತದೆ?"

ಗಡ್ಡ ಕೆನ್ನೆ ತುಂಬಿ, ಕಿವಿ ಸುತ್ತಿ, ಬೆಳ್ಳಗೆ ಹರಡಿಕೊಂಡಿತು. ಊಟಕ್ಕೆ ಕೂತರೆ ಸಾರಿನಲ್ಲಿ ಅರ್ಧ ಅದೇ ಕುಡಿಯುತ್ತಿತ್ತು. ಕೊನೆಗೆ ತ್ಯಾಮಗೊಂಡ್ಲಿನ ನಮ್ಮ ಬೀಗರು, ಮಗಳ ಮಾವ, ದಾರಿ ತೋರಿಸಿದರು: "ಕರಾವಳಿ ಕಡೆ ಅಭಯಾರಣ್ಯದಲ್ಲಿ ಸಿಂಗಳೀಕ ಅಂತ ಕೋತಿ ಅದಾವೆ. ಮನುಷ್ಯರನ್ನ ಹತ್ರಕ್ಕೇ ಸೇರಿಸಲ್ಲವಂತೆ. ಬಹಳ ಮಡಿ."

ಹೆಂಡತಿಗೆ ಅಷ್ಟೇ ಸಾಕಾಯಿತು. ಮೂವರೂ ಹೊರಟೆವು.

ಧರ್ಮದರ್ಶನ

ಅಭಯಾರಣ್ಯದ ಬಾಗಿಲಲ್ಲಿ ಒಂದು ಸಿಮೆಂಟಿನ ಹುಲಿ ಇತ್ತು. ಬೀಗರು ಚಪ್ಪಲಿ ಬಿಟ್ಟು, ಅದಕ್ಕೊಂದು ಪ್ರದಕ್ಷಿಣೆ ಬಂದು, ಗಾರ್ಡನ್ನು ಕೇಳಿದರು: "ಸ್ವಾಮಿ, ವಯಸ್ಸಾದವರಿಗೆ ವಿಶೇಷ ದರ್ಶನ ಏನಾದ್ರೂ ಉಂಟಾ?"

"ಇಲ್ಲ ಮಾರಾಯ್ರೆ, ಇಲ್ಲಿ ಎಲ್ಲರಿಗೂ ಧರ್ಮದರ್ಶನವೇ."

"ಹುಲಿ ಎಷ್ಟು ಹೊತ್ತಿಗೆ ಬರುತ್ತೆ?"

"ಅದು ಬಂದ್ರೆ ದರ್ಶನ ಅಲ್ಲ, ಮೋಕ್ಷವೇ."

ಬೀಗರು ಚಪ್ಪಲಿ ಮೆಟ್ಟಿಕೊಂಡರು. ಅವತ್ತು ಮಲಗುವಾಗಲೂ ಬಿಡಲಿಲ್ಲ.

ಇಂಬಳ

ನಮ್ಮ ಕಡೆಯ ಒಣನೆಲದವರಿಗೆ ಇಂಬಳ ಗೊತ್ತಿಲ್ಲ. ಒದ್ದೆ ಎಲೆಯಿಂದ ಕಾಲಿಗೆ ಹತ್ತಿ ರಕ್ತ ಹೀರುವ ಹುಳು. ಬೀಗರ ಹಿಮ್ಮಡಿಗೆ ಒಂದು ಕಚ್ಚಿಕೊಂಡಿತು. ಉಪ್ಪೋ ಸುಣ್ಣವೋ ಹಾಕಿ ಎಂದ ಜೊತೆಗೆ ಬಂದಿದ್ದ ಗಾರ್ಡು. ಎರಡೂ ಇರಲಿಲ್ಲ. ಬೀಗರ ಸಂಚಿಯಲ್ಲಿದ್ದದ್ದು ವಿಭೂತಿ.

"ಬೀಗರೇ, ಕಾಲಿಗೆ ವಿಭೂತಿ ಹಚ್ಚಿದ್ರೆ ಪಾಪ ಅಲ್ವಾ?" ಅಂತ ನನ್ನನ್ನು ಕೇಳಿದರು.

ಧರ್ಮದ ಪ್ರಶ್ನೆ. ನಾನು ನಿಧಾನವಾಗಿ ಯೋಚಿಸಿ ಹೇಳಿದೆ: "ಹಣೆಯಿಂದ ಶುರುಮಾಡಿ. ಆಮೇಲೆ ಎದೆ, ತೋಳು. ಹಂಗೇ ಇಳಿಸಿಕೊಂಡು ಬನ್ನಿ. ಕೊನೆಗೆ ಕಾಲಿಗೆ ಬಂದ್ರೆ ಅದು ಉಳಿದ ಪ್ರಸಾದ."

ಅವರು ಕಣ್ಣು ಮುಚ್ಚಿ, ಮಂತ್ರ ಹೇಳುತ್ತ, ಒಂದೊಂದೇ ಅಂಗಕ್ಕೆ ಹಚ್ಚಿಕೊಂಡು ಹಿಮ್ಮಡಿಗೆ ಬರುವಷ್ಟರಲ್ಲಿ ಇಂಬಳ ಹೊಟ್ಟೆ ತುಂಬ ಕುಡಿದು, ತಾನಾಗಿ ಇಳಿದು ಹೋಗಿತ್ತು.

"ನೋಡಿದ್ರಾ ಶಿವನ ಮಹಿಮೆ!" ಅಂದರು ಬೀಗರು.

ನೈವೇದ್ಯ

ಕೊನೆಗೂ ಸಿಂಗಳೀಕ ಕಂಡಿತು. ಎತ್ತರದ ಕೊಂಬೆಯ ಮೇಲೆ, ಮುಖದ ಸುತ್ತ ಬೆಳ್ಳನೆಯ ಕೇಸರ ಹರಡಿಕೊಂಡು, ಗಂಭೀರವಾಗಿ ಕೂತಿತ್ತು. ಹೆಂಡತಿ ಚೀಲದಿಂದ ಬಾಳೆಹಣ್ಣಿನ ಚಿಪ್ಪು ತೆಗೆದಳು. ಗಾರ್ಡು ಹಾರಿ ಬಂದ.

"ಅಮ್ಮಾ, ತಿನ್ನಿಸುವ ಹಾಗಿಲ್ಲ! ನೀವು ಬೇಕಾದ್ರೆ ತಿನ್ನಿ, ಸಿಪ್ಪೆ ಚೀಲಕ್ಕೆ ಹಾಕಿ."

"ಹರಕೆ ಕಣಪ್ಪಾ! ತೀರಿಸದಿದ್ರೆ ಇವರ ಮಂಡಿ ಮತ್ತೆ ಹಿಡ್ಕೊಳ್ತದೆ."

"ಹರಕೆ ನಿಮ್ಮದು, ಹೊಟ್ಟೆ ಅದರದ್ದು."

ಅವಳ ಕಣ್ಣಲ್ಲಿ ನೀರು. ಮುಗಿಯಿತು ಅಂದುಕೊಂಡೆ ನಾನು. ಮಂಡಿಯೂ ಹೋಯಿತು, ಗಡ್ಡವೂ ಉಳಿಯಿತು. ಕಾಡು ನೋಡಲು ಬಂದು ಸುತ್ತ ನಿಂತಿದ್ದ ಪೇಟೆಯವರು ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಮತ್ತೆ ಮೇಲೆ ನೋಡಿದರು. ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡಳು. ಆಗ ಹೆಂಡತಿಯೂ ಹಾಗೇ ನೋಡಿದಳು. ಕೊಂಬೆಯನ್ನು, ನನ್ನನ್ನು.

ನಿಧಾನವಾಗಿ ಹಣ್ಣು ಸುಲಿದಳು. "ಆಂಜನೇಯಾ, ಇವರೂ ನಿನ್ನ ಬಳಗವೇ. ಸಾಕ್ಷಿ ಮೇಲೆ ಕೂತದೆ" ಅಂತ ಹೇಳಿ ನನ್ನ ಬಾಯಿಗೆ ತುರುಕಿ, ಕೈ ಮುಗಿದಳು.

ಇಡೀ ಚಿಪ್ಪು ಮುಗಿಯುವವರೆಗೂ ಬಿಡಲಿಲ್ಲ. ಬೀಗರು "ನನ್ನದೂ ಒಂದು ಸಣ್ಣ ಹರಕೆ ಉಳಿದಿತ್ತು" ಅಂತ ಕೊನೆಯದನ್ನು ತಾವೇ ಸುಲಿದು ಕೊಟ್ಟರು.

ಗಾರ್ಡು ಪೇಟೆಯವರ ಕಡೆ ತಿರುಗಿದ. "ನೋಡಿ, ಇದಕ್ಕೇ ತಿನ್ನಿಸಬೇಡಿ ಅನ್ನುವುದು. ಒಮ್ಮೆ ಕೈತುತ್ತಿನ ರುಚಿ ಹತ್ತಿದ್ರೆ, ಮತ್ತೆ ತಾವಾಗಿ ಹುಡುಕಿ ತಿನ್ನುವುದನ್ನೇ ಮರೀತಾವೆ."

"ಮದುವೆಯಾದಾಗಿಂದ ನೋಡ್ತಾನೇ ಇದೀನಿ ಕಣಪ್ಪಾ" ಅಂದಳು ಹೆಂಡತಿ.

ಊರಿಗೆ ಬಂದ ಮರುದಿನವೇ ಗಡ್ಡ ಹೋಯಿತು, ಮಂಡಿ ಚೆನ್ನಾಗಿದೆ. ಆದರೆ ಡೈರಿ ಕಾರ್ಯದರ್ಶಿ, ಹಣ್ಣನ್ನು ಸಿಂಗಳೀಕವೇ ತಿಂದಿತು ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ. ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟೇ: ಈ ಕಥೆಯನ್ನು ನಾಲ್ಕು ಜನಕ್ಕೆ ಹೇಳಿ, ಆದರೆ ತಿಂದವನು ನಾನೇ ಅಂತ ಸರಿಯಾಗಿ ಹೇಳಿ. ಪಾಪ, ಆ ಪ್ರಾಣಿಯ ಮರ್ಯಾದೆ ಪ್ರಶ್ನೆ.