ಚೈನಾ ಹೋಟೆಲಿನಲ್ಲಿ ತಾಟು ತೊಳೆದು ಕುಡಿದದ್ದು

ಬೆಳಗಿನ ಏಳು ಗಂಟೆಗೆ ಬಳ್ಳಾರಿಯ ಗಾಂಧಿನಗರದ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕೂತು ಗವಿಸಿದ್ದಪ್ಪ ಹೊಸ ಕಸಬರಿಗೆಯಿಂದ ಕಿತ್ತ ಎರಡು ಕಡ್ಡಿಗಳಲ್ಲಿ ಮಂಡಕ್ಕಿ ಎತ್ತುತ್ತಿದ್ದ. ಅರ್ಧ ಗಂಟೆಯಲ್ಲಿ ಬಾಯಿ ಮುಟ್ಟಿದ್ದು ಹನ್ನೊಂದು ಕಾಳು. ಮಿಕ್ಕವು ನೆಲದ ಮೇಲೆ ಚೆಲ್ಲಾಡಿದ್ದವು. ಅವನ್ನೂ ಒಂದೊಂದಾಗಿ ಆರಿಸಿ ಮತ್ತೆ ತಾಟಿಗೆ ಹಾಕಿಕೊಂಡ. ಊಟದ ವಿಷಯದಲ್ಲಿ ಮನುಷ್ಯ ಮಹಾ ಕಟ್ಟುನಿಟ್ಟು. ತಾಟಿಗೆ ಬಿದ್ದದ್ದೆಲ್ಲ ಪ್ರಸಾದ, ಒಂದಗುಳು ಬಿಡುವಂತಿಲ್ಲ, ಉಂಡಾದ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯಬೇಕು. ಇದು ಅವನ ಅಜ್ಜನ ಕಾಲದಿಂದ ಮನೆಯಲ್ಲಿ ನಡೆದುಬಂದ ನೇಮ.

"ನಾಷ್ಟಾ ಹಾಕಲೇನ್ರಿ?" ಅಂದಳು ಹೆಂಡತಿ ಸುವರ್ಣಮ್ಮ.

"ಬ್ಯಾಡ. ಇವತ್ತು ಮಧ್ಯಾಹ್ನದ ಬುತ್ತೀನೂ ಬ್ಯಾಡ."

ಸುವರ್ಣಮ್ಮ ಕಡ್ಡಿಗಳನ್ನು ನೋಡಿದಳು, ಅರ್ಧ ಗಂಟೆಯಲ್ಲಿ ಹನ್ನೊಂದೇ ಕಾಳು ತಿಂದ ಗಂಡನನ್ನು ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದ ಮನೆಯ ಗೋಡೆಯ ಕಡೆ ನಡೆದಳು. ಏನಾಯಿತೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಹೋಗಲಿ ಬಿಡಿ.

ಸಂಗತಿ ಇಷ್ಟೇ. ನೀರಾವರಿ ಕಚೇರಿಯ ಗುಮಾಸ್ತ ಗವಿಸಿದ್ದಪ್ಪನಿಗೆ ಸಿರುಗುಪ್ಪಕ್ಕೆ ವರ್ಗವಾಗಿತ್ತು. ಸಿರುಗುಪ್ಪ ಒಳ್ಳೆಯ ಊರು. ಕಾಲುವೆಯಲ್ಲಿ ನೀರಿದೆ, ಗದ್ದೆಯಲ್ಲಿ ಭತ್ತವಿದೆ. ಆದರೆ ಅಲ್ಲಿ ಅವನ ಅತ್ತೆ ಕೊಟ್ರಬಸಮ್ಮನೂ ಇದ್ದರು. ಆಕೆಗೆ ಗೊತ್ತಿದ್ದದ್ದು ಒಂದೇ ಔಷಧಿ, ಉಪ್ಪಿಲ್ಲದ ನವಣೆ ಗಂಜಿ. ತಲೆ ನೋವಿಗೂ ಗಂಜಿ, ಕಾಲಿಗೆ ಮುಳ್ಳು ಚುಚ್ಚಿದರೂ ಗಂಜಿ. ಹೋದ ಯುಗಾದಿಗೆ ಅಲ್ಲಿ ಒಂದೇ ಒಂದು ಸೀನು ಸೀನಿದ್ದಕ್ಕೆ ಹನ್ನೊಂದು ದಿನ ಗಂಜಿ ಕುಡಿದು, ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ಮಿರ್ಚಿ ಬಂಡಿಯ ಮುಂದೆ ನಿಂತು ಅತ್ತಿದ್ದ. ಅತ್ತೆಯ ಊರಿನಲ್ಲಿದ್ದುಕೊಂಡು ಬೇರೆ ಮನೆ ಮಾಡುವುದು ಆಗದ ಮಾತು. ವರ್ಗ ರದ್ದಾಗಲೇಬೇಕು, ಇಲ್ಲದಿದ್ದರೆ ಜೀವಮಾನವಿಡೀ ಗಂಜಿ.

ಸಹಾಯಕ್ಕೆ ಇಬ್ಬರು ಬಂದರು. ಒಬ್ಬ ಪಕ್ಕದ ಮನೆಯ ಜಂಬಣ್ಣ, ಕೋರ್ಟಿನ ಮುಂದೆ ನಲವತ್ತು ವರ್ಷ ಅರ್ಜಿ ಬರೆದವನು. "ನೀ ಸುಮ್ಮನ ಸಹಿ ಹಾಕೋ ತಮ್ಮಾ. ಕಲ್ಲೂ ಕರಗೋಹಂಗ ಬರದೀನಿ" ಎಂದು ಮೂರು ಹಾಳೆ ಮುಂದಿಟ್ಟ. ಗವಿಸಿದ್ದಪ್ಪ ಓದಲು ನೋಡಿದ. ಮೊದಲ ಹಾಳೆಯ ತುಂಬ ಬರೀ ಸಾಷ್ಟಾಂಗ ನಮಸ್ಕಾರಗಳೇ ಇದ್ದವು. ಎರಡನೆಯ ಹಾಳೆಗೆ ಹೋಗುವಷ್ಟರಲ್ಲಿ ಬೇಸರವಾಗಿ ಸಹಿ ಹಾಕಿಬಿಟ್ಟ.

ಇನ್ನೊಬ್ಬ ಕಚೇರಿಯಲ್ಲಿ ಎದುರು ಮೇಜಿನ ಚಂದ್ರಣ್ಣ. "ಅರ್ಜಿ ಯಾರು ಓದತಾರಪಾ? ವರ್ಗ ನೋಡಿಕೊಳ್ಳಾಕ ಬೆಂಗಳೂರಿಂದ ಬರೋ ಸಾಹೇಬ್ರು ಪ್ರಾಣೇಶರಾಯರು ಕಲ್ಕತ್ತಾದಾಗ ಇದ್ದವರು. ಚೈನಾ ಊಟ ಅಂದ್ರ ಪ್ರಾಣ ಬಿಡತಾರಂತ. ಕರಕೊಂಡು ಹೋಗು. ನೀನೂ ಕಡ್ಡಿ ಹಿಡದು ಗಟ್ಟಿಯಾಗಿ ತಿನ್ನು. ತಿನ್ನೋ ಮನುಷ್ಯಾನ್ನ ಕಂಡ್ರ ಅವರಿಗೆ ಭಾಳ ಪ್ರೀತಿ" ಎಂದ. ಇದೆಲ್ಲ ಅವನಿಗೆ ಯಾರು ಹೇಳಿದ್ದರೋ ಆ ದೇವರಿಗೇ ಗೊತ್ತು.

ಹೀಗೆ ಕಡ್ಡಿ ಅಭ್ಯಾಸ, ಹೊಟ್ಟೆ ಖಾಲಿ ಇರಲೆಂದು ಬೆಳಗಿನ ಉಪವಾಸ. ಚೈನಾ ಹೋಟೆಲೆಂದರೆ ಕಪ್ಪೆ, ಹಾವು ಬೇಯಿಸುವ ಜಾಗವೆಂದು ಬೀದಿಯ ಹೆಂಗಸರೆಲ್ಲ ನಂಬಿದ್ದರಿಂದ ಸುವರ್ಣಮ್ಮನಿಗೆ ಅವನು ವಿಷಯ ಹೇಳಿರಲಿಲ್ಲ.

ಊರಿಗೆ ಹೊಸದಾಗಿ ಬಂದಿದ್ದ ಆ ಹೋಟೆಲಿನಲ್ಲಿ ನಿಜಕ್ಕೂ ಕಪ್ಪೆ ಇರಲಿಲ್ಲ, ಚೀನಾದವರೂ ಇರಲಿಲ್ಲ. ಇದ್ದವನು ಕುರುಗೋಡಿನ ಗಾದಿಲಿಂಗಪ್ಪ. ಮದ್ರಾಸಿನ ಯಾವುದೋ ಚೈನಾ ಹೋಟೆಲಿನಲ್ಲಿ ಎರಡು ವರ್ಷ ಪಾತ್ರೆ ತೊಳೆಯುತ್ತಾ ಅಡುಗೆ ನೋಡಿಕೊಂಡು ಬಂದಿದ್ದ. ಬೋರ್ಡಿನ ಮೇಲೆ ಡ್ರ್ಯಾಗನ್ ಬರೆಸಿದ್ದ. ಬರೆದವನು ಲಾರಿಗಳಿಗೆ ಬಣ್ಣ ಹೊಡೆಯುವವನಾದ್ದರಿಂದ ಅದು ಗೋಡೆಯ ಹಲ್ಲಿಯ ಹಾಗಿತ್ತು. ಕೆಳಗೆ 'ಶುದ್ಧ ಸಸ್ಯಾಹಾರಿ' ಎಂದಿತ್ತು.

ಗವಿಸಿದ್ದಪ್ಪ ಕರೆದಿದ್ದಂತೆ ಮಧ್ಯಾಹ್ನ ಒಂದಕ್ಕೆ ಪ್ರಾಣೇಶರಾಯರು ಅಲ್ಲಿಗೆ ಬಂದರು. ಸಣ್ಣ ದೇಹ, ದಪ್ಪ ಕನ್ನಡಕ. ಗವಿಸಿದ್ದಪ್ಪನನ್ನು ಕಂಡವರೇ ತೋಳು ಹಿಡಿದು, "ಮೆಲ್ಲಗೆ ಕೂತ್ಕೊಳ್ಳಿ, ಮೆಲ್ಲಗೆ" ಎಂದರು. ಎಂಥ ದೊಡ್ಡ ಮನಸ್ಸು ಎಂದುಕೊಂಡ ಇವನು.

"ಏನೇನ್ ಐತೋ ಎಲ್ಲಾ ತಾರಪಾ" ಎಂದು ಗವಿಸಿದ್ದಪ್ಪ ಗಾದಿಲಿಂಗಪ್ಪನಿಗೆ ಅಪ್ಪಣೆ ಕೊಟ್ಟ.

ಮೊದಲು ಸೂಪು ಬಂತು. ರಾಯರು ಒಂದು ಚಮಚ ಬಾಯಿಗಿಟ್ಟು ಬಟ್ಟಲು ದೂರ ಸರಿಸಿದರು. ಗವಿಸಿದ್ದಪ್ಪ ಬಟ್ಟಲೆತ್ತಿ ಗಟಗಟ ಕುಡಿದ. ಆಮೇಲೆ ನೂಡಲ್ಸ್ ಬಂತು. ಕರಿಬೇವು, ಸಾಸಿವೆಯ ಒಗ್ಗರಣೆ ಕೊಟ್ಟ ಉದ್ದನೆ ಶಾವಿಗೆ, ಮೇಲೆ ಗುಂಟೂರು ಮೆಣಸಿನಕಾಯಿ ರುಬ್ಬಿ ಮಾಡಿದ ಕೆಂಪು ಸಾಸು. ಕಡ್ಡಿ ಹಿಡಿದದ್ದೇ ತಡ, ಶಾವಿಗೆ ಜಾರಿತು, ಒಂದು ಹೂಕೋಸಿನ ತುಂಡು ಹಾರಿ ನೇರವಾಗಿ ರಾಯರ ಅಂಗಿಯ ಜೇಬಿಗೆ ಬಿತ್ತು.

"ಅಯ್ಯಯ್ಯೋ, ತಪ್ಪಾತ್ರಿ ಸಾಹೇಬ್ರ" ಎಂದು ಗವಿಸಿದ್ದಪ್ಪ ಕಡ್ಡಿಯಿಂದಲೇ ಅದನ್ನು ಹೊರಗೆ ತೆಗೆಯಲು ಹೋದ. ತುಂಡು ಜೇಬಿನ ತಳಕ್ಕೆ ಇಳಿಯಿತು.

ರಾಯರು ಅವಸರದಿಂದ ಜೇಬಿನಲ್ಲಿದ್ದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅಂಚಿಗೆ ಸಾಸು ಹತ್ತಿತ್ತು. ಅದರ ಮೇಲಿನ ಅಕ್ಷರಗಳನ್ನು ಗವಿಸಿದ್ದಪ್ಪ ಕತ್ತು ಚಾಚಿ ಓದಿದ. ಅವನದೇ ಹೆಸರು, ಪಕ್ಕದಲ್ಲಿ 'ವರ್ಗಾವಣೆ ರದ್ದು'. ಸಹಿ ಒಂದು ಬಾಕಿ.

ಇನ್ನೇನು ಬೇಕು? ಕಡ್ಡಿ ಒಗೆದು ಕೈಯಲ್ಲೇ ಶುರು ಹಚ್ಚಿಕೊಂಡ. ರಾಯರು ಅವನನ್ನೇ ನೋಡುತ್ತ ಕೂತರು. ಅವನ ತಾಟು ಖಾಲಿಯಾದೊಡನೆ ತಮ್ಮ ತಾಟಿನದನ್ನೂ ಅವನ ತಾಟಿಗೆ ಸುರಿದರು. ಹೊಟ್ಟೆ ಬ್ಯಾಡ ಬ್ಯಾಡ ಅಂತಿತ್ತು. ಆದರೆ ತಾಟಿಗೆ ಬಿದ್ದ ಮೇಲೆ ಬಿಡುವುದು ಹೇಗೆ? ತಿಂದ. ಫ್ರೈಡ್ ರೈಸ್ ಬಂತು. ಅದನ್ನೂ ಸುರಿದರು. ಕಣ್ಣು, ಮೂಗು ಎಲ್ಲ ಸೋರುತ್ತಿದ್ದರೂ ತಿಂದ. ಸಾಸಿನ ಬಟ್ಟಲನ್ನೇ ಬೋರಲು ಹಾಕಿದರು. ಅದನ್ನೂ ಬೆರಳಿಂದ ಬಳಿದು ನೆಕ್ಕಿದ. ಕೊನೆಗೆ ಲೋಟದ ನೀರು ತಾಟಿಗೆ ಸುರಿದು, ತೊಳೆದು, ಆ ಕೆಂಪು ನೀರನ್ನು ಎರಡೂ ಕೈಯಲ್ಲಿ ತಾಟು ಎತ್ತಿ ಕುಡಿದು ಮುಗಿಸಿದ. ಗಾದಿಲಿಂಗಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ಕೈ ಮುಗಿದ. ಅವನ ಸಾಸನ್ನು ಯಾರೂ ಇಷ್ಟು ಭಕ್ತಿಯಿಂದ ಕಂಡಿರಲಿಲ್ಲ.

"ಹೊಟ್ಟೆ ಹೇಗಿದೆ?" ರಾಯರು ಮೆಲ್ಲಗೆ ಕೇಳಿದರು.

"ಹೊಟ್ಟಿಗೇನಾಗೇತ್ರಿ ಸಾಹೇಬ್ರ? ಕಲ್ಲು ಕೊಟ್ಟರೂ ಕರಗಿಸತೀನಿ. ಹುಟ್ಟಿದಾಗಿಂದ ಒಂದಿನ ನೋವಂದಿಲ್ಲ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಅರ್ಜಿ ಓದಿ ನಿನ್ನೆ ನಾನು ಅತ್ತುಬಿಟ್ಟೆ ಕಣ್ರೀ. ಆರು ವರ್ಷದಿಂದ ಹೊಟ್ಟೆಹುಣ್ಣು, ಹಾಲು ಅನ್ನ ಬಿಟ್ಟರೆ ಬೇರೇನೂ ದಕ್ಕಲ್ಲ, ಮೆಣಸಿನಕಾಯಿ ವಾಸನೆಗೇ ಎಚ್ಚರ ತಪ್ಪುತ್ತೆ, ವಾರಕ್ಕೊಮ್ಮೆ ದೊಡ್ಡಾಸ್ಪತ್ರೆಗೆ ತೋರಿಸದಿದ್ದರೆ ಜೀವ ಉಳಿಯಲ್ಲ ಅಂತ ಬರೆದಿದ್ದೀರಿ. ಅಂಥವರು ಚೈನಾ ಊಟಕ್ಕೆ ಕರೆದಾಗ, ಪಾಪ, ಹೋಗೋ ಜೀವದ ಕೊನೇ ಆಸೆ ಅಂತ ಬಂದೆ. ಮೊದಲನೇ ತಾಟಿಗೆ ಹಾಗೇ ಅಂದ್ಕೊಂಡೆ. ಎರಡನೇದಕ್ಕೆ ಅನುಮಾನ ಬಂತು. ಮೂರನೇದು ಪರೀಕ್ಷೆಗೆ ಅಂತಲೇ ಸುರಿದೆ."

ಸಾಸು ಹತ್ತಿದ ಕಾಗದವನ್ನು ನಾಲ್ಕು ತುಂಡು ಮಾಡಿ ತೊಳೆದಿಟ್ಟ ತಾಟಿನಲ್ಲಿ ಹಾಕಿದರು. "ಸೋಮವಾರ ಸಿರುಗುಪ್ಪದಲ್ಲಿ ಡ್ಯೂಟಿಗೆ ಹಾಜರಾಗಿ."

ಜಂಬಣ್ಣನ ಕೈ ಮುರಿಯಬೇಕೆಂದು ಗವಿಸಿದ್ದಪ್ಪ ಉಬ್ಬಿದ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಒಂದೇ ಸಮಾಧಾನ. ಹೊಟ್ಟೆ ಗಟ್ಟಿ ಇದೆಯೆಂದು ಸಾಹೇಬರೇ ಒಪ್ಪಿದ್ದಾರೆ. ಸಿರುಗುಪ್ಪಕ್ಕೆ ಹೋದರೂ ಸೀನದೆ, ಕೆಮ್ಮದೆ ಇದ್ದರಾಯಿತು, ಗಂಜಿಗೆ ಕಾರಣವೇ ಸಿಗುವುದಿಲ್ಲ.

ಬಾಗಿಲಲ್ಲೇ ಜಂಬಣ್ಣ ಕೂತಿದ್ದ, ಕೈಯಲ್ಲಿ ಅರ್ಜಿಯ ನಕಲು. ಕಣ್ಣುಗಳು ಕೆಂಪಾಗಿದ್ದವು. ಬೆಳಿಗ್ಗೆ ಸುವರ್ಣಮ್ಮ ಬಂದು ತನ್ನ ಗಂಡ ಊಟ ಬಿಟ್ಟಿದ್ದಾನೆಂದು ಹೇಳಿದಾಗ, ತಾನು ಬರೆದದ್ದು ನಿಜವೇ ಆಯಿತೆಂದು ಹೆದರಿ ಆ ನಕಲನ್ನು ಅವಳಿಗೆ ಪೂರ್ತಿ ಓದಿ ಹೇಳಿದ್ದನಂತೆ. ಕೇಳಿ ಅವಳು ಅತ್ತಳು, ಓದಿ ಅವನೂ ಅತ್ತ. ಎಂಟರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಿರುಗುಪ್ಪಕ್ಕೆ ಸುದ್ದಿ ಹೋಗಿತ್ತು.

ಒಳಗಿನಿಂದ ಕೊಟ್ರಬಸಮ್ಮ ದೊಡ್ಡ ತಾಟು ಹಿಡಿದುಕೊಂಡು ಬಂದರು. ಹೊಗೆಯಾಡುವ ನವಣೆ ಗಂಜಿ, ಅಂಚಿನವರೆಗೂ.

"ಆರು ವರ್ಷ ಹೊಟ್ಟಿಯೊಳಗ ಹುಣ್ಣಿಟ್ಟುಕೊಂಡು ಒಂದ್ ಮಾತು ಹೇಳಲಿಲ್ಲಲ್ರೀ ಅಳಿಯಾರ" ಎಂದು ಆಕೆ ಕಣ್ಣೀರು ಹಾಕಿದರು.

"ಅತ್ತೀ, ನಂಗ ಏನೂ ಆಗಿಲ್ಲರಿ. ಅದು ಸುಳ್ಳು ಅರ್ಜಿ. ಹೊಟ್ಟಿ ಗಟ್ಟಿ ಐತಿ ಅಂತ ಇವತ್ತ ಸಾಹೇಬ್ರ ಮುಂದ..." ಎನ್ನುವಷ್ಟರಲ್ಲಿ ಗುಂಟೂರು ಮೆಣಸಿನಕಾಯಿ ಒಳಗೆ ತನ್ನ ಕೆಲಸ ಶುರು ಮಾಡಿತು. ಗವಿಸಿದ್ದಪ್ಪ ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು "ಅಯ್ಯಪ್ಪಾ" ಎಂದು ಹೊಸ್ತಿಲ ಮೇಲೆ ಕುಸಿದ.

"ನೋಡ್ರಿ, ನಾನು ಬರದದ್ದು ಒಂದಕ್ಷರ ಸುಳ್ಳಲ್ಲ" ಎಂದ ಜಂಬಣ್ಣ.

ಕೊಟ್ರಬಸಮ್ಮ ತಾಟು ಮುಂದಿಟ್ಟರು. "ಸೋಮವಾರದಿಂದ ಹೆಂಗೂ ನಮ್ಮೂರಿಗೇ ಬರತೀರಿ. ನಿಮ್ಮ ಚಂದ್ರಣ್ಣ ಕಚೇರಿಯಾಗ ಕೇಳಿಕೊಂಡು ಈಗ ಬಂದು ಹೇಳಿ ಹೋದ. ದಿನಾ ಮೂರು ಹೊತ್ತು ನಾನ ಕಾಸತೀನಿ. ಕುಡೀರಿ."

ಗಂಜಿ ತಾಟಿಗೆ ಬಿದ್ದಾಗಿತ್ತು. ಗವಿಸಿದ್ದಪ್ಪ ಕುಡಿದ. ಕುಡಿದು, ನೀರು ಹಾಕಿ, ತಾಟು ತೊಳೆದು ಅದನ್ನೂ ಕುಡಿದ.