ನೆಗಿಶಿಯ ತ್ಯಾಗವೂ ನನ್ನ ಸ್ನಾನವೂ

ನನ್ನ ನಾದಿನಿ ಹಿಸಾನೊ ಇಳಿದೆದ್ದ ತೊಟ್ಟಿಗೆ ಸ್ನಾನಕ್ಕಿಳಿಯುವ ಗತಿ ಶತ್ರುವಿಗೂ ಬೇಡ. ಬೇರೆ ದಿನವಾದರೆ ಚಿಂತೆಯಿಲ್ಲ. ಎಲ್ಲರೂ ತೊಟ್ಟಿಯ ಹೊರಗೆ ಮೈ ತೊಳೆದುಕೊಂಡೇ ಅದೇ ನೀರಿಗೆ ಇಳಿಯುವುದರಿಂದ ನೀರಿಗೇನೂ ದೋಷವಿಲ್ಲ. ಆದರೆ ವರ್ಷದ ಅತಿ ಚಿಕ್ಕ ಹಗಲು ಮುಗಿದ ಸಂಜೆ ಬಿಸಿನೀರಿನಲ್ಲಿ ಯೂಜು ನಿಂಬೆಗಳನ್ನು ತೇಲಿಬಿಡುತ್ತೇವಲ್ಲ, ಆ ಘಮ ಮೊದಲು ಇಳಿದವರಿಗೆ ಮಾತ್ರ. ಹಿಸಾನೊ ಒಂದೊಂದನ್ನೂ ಹಿಂಡಿ ಹಿಪ್ಪೆ ಮಾಡುತ್ತಾಳೆ. ಆಮೇಲೆ ಬಂದವರಿಗೆ ಸಿಪ್ಪೆ ಮತ್ತು ಬೀಜ.

ಕಳೆದ ಚಳಿಗಾಲ ಅದೇ ಸಂಜೆ ನನಗೊಂದು ಮಹಾ ಉಪಾಯ ಹೊಳೆಯಿತು.

ನಾವಿಬ್ಬರೂ ಗಂಡಂದಿರನ್ನು ಕಳೆದುಕೊಂಡವರು. ಟೊಯಾಮಾದ ಈ ಮನೆಯಲ್ಲಿ ಒಂದೇ ಟೀವಿಯೆದುರು ಕೂತು ಬೇಸ್‌ಬಾಲ್ ನೋಡುತ್ತಾ ಜಗಳವಾಡುತ್ತೇವೆ. ಚೆಂಡನ್ನು ಆಕಾಶಕ್ಕೆ ಹಾರಿಸುವ ಶೂರರು ನಮಗೆ ಬೇಡ. ಬ್ಯಾಟು ಬೀಸದೆ ಚೆಂಡಿಗೆ ಮೆಲ್ಲಗೆ ತಾಗಿಸಿ, ತಾನು ಔಟಾಗಿ, ಜೊತೆಯವನನ್ನು ಒಂದು ಬೇಸ್ ಮುಂದಕ್ಕೆ ದಾಟಿಸುವವನೇ ಗಂಡಸು. ಅದಕ್ಕೆ ತ್ಯಾಗದ ಬಂಟ್ ಎನ್ನುತ್ತಾರೆ. (ಅತ್ತೆಮನೆಯಲ್ಲಿ ಬಾಳಿದ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ನನ್ನ ತ್ಯಾಗಶಿಖಾಮಣಿ ನೆಗಿಶಿ. ಅವಳವನು ಕುಸಾಮುರಾ. ಇಬ್ಬರೂ ಆಟ ಬಿಟ್ಟು ಎಷ್ಟೋ ಕಾಲವಾಯಿತು, ನಾವು ಬಿಟ್ಟಿಲ್ಲ.

"ಯಾರವನ ಬಂಟ್ ಜಾಸ್ತಿಯೋ ಅವರು ಮೊದಲು ಸ್ನಾನಕ್ಕಿಳಿಯೋದು. ಆಗ್ಬಹುದಾ?" ಎಂದೆ.

"ಆಗ್ಲಿ ಅತ್ತಿಗೆ. ಆಮೇಲೆ ಅಳಬಾರದು."

ನನ್ನ ಸೊಸೆ ನಾತ್ಸುಮಿ ಅಡುಗೆಮನೆಯಲ್ಲಿ ಕುಂಬಳಕಾಯಿ ಬೇಯಿಸುತ್ತಿದ್ದಳು. ಕೈ ಒರೆಸಿಕೊಂಡು ಫೋನು ನೋಡಿದಳು. "ನೆಗಿಶಿ ಮುನ್ನೂರ ಒಂದು. ಕುಸಾಮುರಾ ಇನ್ನೂರ ಅರವತ್ತನಾಲ್ಕು."

ನಾನು ಟವೆಲಿಗೆ ಕೈಹಾಕಿದೆ.

"ತಡೀರಿ!" ಹಿಸಾನೊ ಅಡ್ಡಬಂದಳು. "ನಿಮ್ಮೋನು ಎಷ್ಟು ವರ್ಷ ಆಡಿದ?"

"ಹದಿನೆಂಟು," ಎಂದಳು ಸೊಸೆ. "ಕುಸಾಮುರಾ ಹದಿನಾಲ್ಕು."

"ನೋಡಿದ್ರಾ! ವರ್ಷದ ಲೆಕ್ಕ ಹಿಡಿದ್ರೆ ನಮ್ಮೋನೇ ಮುಂದೆ. ನಿಮ್ಮೋನು ಜಾಗ ಬಿಡದೆ ಕೂತು ಕೂತು ಕೂಡಿಹಾಕಿದ್ದು."

"ಕೂತ್ಕೊಳ್ಳೋಕೂ ಯೋಗ್ಯತೆ ಬೇಕು ಕಣೇ. ನಿಮ್ಮೋನು ಮಂಡಿ ನೋವು ಅಂತ ಮನೆಗೆ ಹೋದ. ತ್ಯಾಗಕ್ಕೆ ಮಂಡಿನೋವಿನ ರಿಯಾಯಿತಿ ಇದೆಯಾ?"

"ನಿಮ್ಮೋನಿಗೆ ಬೇರೆ ಏನೂ ಹೊಡೆಯೋಕೆ ಬರ್ತಿರ್ಲಿಲ್ಲ. ಬಾರದೋನು ಬಿಟ್ಕೊಟ್ರೆ ಅದು ತ್ಯಾಗಾನಾ?"

ಇದು ನನ್ನ ಎದೆಗೆ ನಾಟಿತು. ಆದರೂ ಬಿಡಲಿಲ್ಲ. "ಯಾರವನದು ಜಾಸ್ತಿ ಅಂತ ತಾನೆ ಮಾತಾಗಿದ್ದು? ವರ್ಷಕ್ಕೆಷ್ಟು ಅಂತ ಯಾರು ಕೇಳಿದ್ರು?"

ಹಿಸಾನೊ ಸೊಸೆಯ ಮುಖ ನೋಡಿದಳು. ಸೊಸೆ ಕುಂಬಳಕಾಯಿ ನೋಡಿದಳು.

"ಆಯ್ತು, ಗೆದ್ರಿ," ಎಂದು ನಾದಿನಿ ಚಾಪೆಗೆ ಕೈಯೂರಿ ತಲೆಬಾಗಿಸಿದಳು. "ಅತ್ತಿಗೆ, ದಯವಿಟ್ಟು ಮೊದಲು ನೀವೇ ಹೋಗಿ."

ಹೀಗೆ ತಲೆಬಾಗಿಸಿ ಹೇಳಿದವರಿಗೆ ಏನೆನ್ನಬೇಕೆಂದು ನನ್ನ ತಾಯಿ ನನಗೆ ನಡೆಯಲು ಕಲಿಸುವ ಮೊದಲೇ ಕಲಿಸಿದ್ದಳು. ನಾನು ಗೆದ್ದದ್ದು ನನ್ನ ನಾಲಗೆಗೆ ಹೇಗೆ ತಿಳಿಯಬೇಕು? ನನ್ನ ತಲೆಯೂ ತಾನಾಗಿ ಬಾಗಿತು.

"ಛೆ ಛೆ, ಎಲ್ಲಾದ್ರೂ ಉಂಟೇ! ನೀನೇ ಮೊದಲು ಹೋಗಮ್ಮ."

ಇದಕ್ಕೆ ಅವಳು ಬೇಡವೆನ್ನಬೇಕು. ನಾನು ಮತ್ತೆ ಹೋಗೆನ್ನಬೇಕು. ಅವಳು ಮತ್ತೆ ಬೇಡವೆನ್ನಬೇಕು. ಕೊನೆಗೆ ನಾನು ಒಲ್ಲದ ಮನಸ್ಸಿನವಳಂತೆ ಏಳಬೇಕು. ಮರ್ಯಾದಸ್ಥರ ಮನೆಗಳಲ್ಲಿ ಲೋಕ ಹುಟ್ಟಿದಾಗಿನಿಂದ ನಡೆದುಬಂದದ್ದು ಹೀಗೆ.

"ಅಷ್ಟು ಹೇಳ್ತೀರಂದ್ರೆ ಸರಿ," ಎಂದಳು ಹಿಸಾನೊ.

ನಾನು ತಲೆ ಎತ್ತುವಷ್ಟರಲ್ಲಿ ಬಚ್ಚಲ ಬಾಗಿಲು ಜಾರಿ ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ನೀರು ತುಳುಕಿದ ಸದ್ದು, ಯೂಜುವಿನ ಘಮ, ಅದರ ಹಿಂದೆಯೇ ಅವಳ ಧ್ವನಿ:

"ನಾತ್ಸುಮೀ, ನಿಮ್ಮತ್ತೆಗೆ ಹೇಳು. ನೆಗಿಶಿಗೆ ಈಗ ಮುನ್ನೂರ ಎರಡು!"